13 ಮಿಲಿಲೀಟರ್ ಲೆಕ್ಕ: ಅವಧಿಗೆ ಮುಂಚೆ ಹುಟ್ಟಿದ ಮಗು ಮತ್ತು ಎದೆಹಾಲು

ಮಾವಳ್ಳಿಯ ಎಂ.ಟಿ.ಆರ್. ನಮಗೆಲ್ಲ ಗೊತ್ತು. ಅಲ್ಲಿಂದ ಜೆ.ಸಿ. ರಸ್ತೆ ಹಿಡಿದು, ಟೌನ್ ಹಾಲ್ ದಾಟಿ, ಮಾರ್ಕೆಟ್ ಕಡೆ ನಡೆದರೆ ಸಿಗೋದು ವಾಣಿ ವಿಲಾಸ ಆಸ್ಪತ್ರೆ. 1935ರಿಂದ ಹೆರಿಗೆ ಮಾಡಿಸುತ್ತಿರುವ ಸರ್ಕಾರಿ ಆಸ್ಪತ್ರೆ ಇದು. 2022ರಲ್ಲಿ ಇಲ್ಲಿ 'ಅಮೃತಧಾರೆ' ಅನ್ನೋ ಎದೆಹಾಲಿನ ಬ್ಯಾಂಕ್ ಶುರುವಾಯಿತು. ಹಾಲಿಗೂ ಬ್ಯಾಂಕ್ ಯಾಕೆ ಬೇಕು? ಎಂಜಿನಿಯರಿಂಗ್ ಓದೋ ನಾವು ಇದನ್ನ ಲೆಕ್ಕದಿಂದಲೇ ಶುರು ಮಾಡೋಣ.

37 ವಾರ ತುಂಬುವ ಮುಂಚೆ ಹುಟ್ಟಿದರೆ ಅದು ಅವಧಿಪೂರ್ವ ಶಿಶು. 2020ರಲ್ಲಿ ಪ್ರಪಂಚದಲ್ಲಿ ಇಂಥ ಸುಮಾರು 1.34 ಕೋಟಿ ಮಕ್ಕಳು ಹುಟ್ಟಿದವು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದಲ್ಲೇ.

ಹೊಟ್ಟೆಯೊಳಗೆ ಕೊನೆಯ ಮೂರು ತಿಂಗಳಲ್ಲಿ ಮಗು ದಿನಕ್ಕೆ ಪ್ರತಿ ಕೆ.ಜಿ.ಗೆ ಹತ್ತಿರಹತ್ತಿರ 15 ಗ್ರಾಂ ಬೆಳೆಯುತ್ತೆ. ಮೂಳೆಗೆ ಬೇಕಾದ ಕ್ಯಾಲ್ಸಿಯಂನ ಬಹುಪಾಲು ಸೇರೋದೂ ಆಗಲೇ. ಮೊದಲೇ ಹುಟ್ಟಿದ ಮಗುವಿಗೆ ಆ ಸಪ್ಲೈ ಅರ್ಧಕ್ಕೇ ಕಟ್ ಆಗುತ್ತೆ. ಅದರ ಮೇಲೆ ಇನ್ನೊಂದು ಕಷ್ಟ. ಚೀಪೋದು, ನುಂಗೋದು, ಉಸಿರಾಡೋದು, ಈ ಮೂರೂ ಹೊಂದಿಕೊಂಡು ನಡೆಯೋಕೆ ಸುಮಾರು 34 ವಾರ ಆಗಬೇಕು. ಅಲ್ಲಿಯವರೆಗೆ ಸಣ್ಣ ಟ್ಯೂಬ್ ಹಾಕಿ ನೇರ ಹೊಟ್ಟೆಗೇ ಹಾಲು ಕೊಡ್ತಾರೆ.

ಎಷ್ಟು ಹಾಲು? ಮೊದಲ ದಿನಗಳಲ್ಲಿ ಒಂದೆರಡು ಮಿಲಿಲೀಟರ್‌ನಿಂದ ಶುರು. ನಿಧಾನವಾಗಿ ಏರಿಸಿ ಪ್ರತಿ ಕೆ.ಜಿ.ಗೆ ದಿನಕ್ಕೆ 160 ಮಿ.ಲೀ. ಆಸುಪಾಸಿಗೆ ತರ್ತಾರೆ. 1 ಕೆ.ಜಿ. ಮಗುವಿಗೆ ಎರಡು ಗಂಟೆಗೊಮ್ಮೆ ಅಂದರೆ ದಿನಕ್ಕೆ 12 ಸಲ. 160 ಭಾಗಿಸು 12, ಒಂದು ಸಲಕ್ಕೆ ಸುಮಾರು 13 ಮಿ.ಲೀ. ಒಂದು ಟೇಬಲ್ ಸ್ಪೂನ್ ಕೂಡ ಅಲ್ಲ!

ಈಗ ಪ್ರೋಟೀನ್ ನೋಡೋಣ. ಇಷ್ಟು ಚಿಕ್ಕ ಮಗುವಿಗೆ ದಿನಕ್ಕೆ ಪ್ರತಿ ಕೆ.ಜಿ.ಗೆ 3.5 ಗ್ರಾಂ ಮೇಲೇ ಬೇಕು. ಕೆಲವು ವಾರ ಕಳೆದ ಎದೆಹಾಲಲ್ಲಿ 100 ಮಿ.ಲೀ.ಗೆ ಸುಮಾರು 1 ಗ್ರಾಂ ಇರುತ್ತೆ. 160 ಮಿ.ಲೀ.ಗೆ 1.6 ಗ್ರಾಂ ಆಯ್ತು. ಅರ್ಧವೂ ಬರಲಿಲ್ಲ. ಅವಧಿಗೆ ಮುಂಚೆ ಹೆತ್ತ ತಾಯಿಯ ಹಾಲಲ್ಲಿ ಮೊದಲ ವಾರಗಳಲ್ಲಿ ಪ್ರೋಟೀನ್ ಹೆಚ್ಚಿರುತ್ತೆ, ಪ್ರಕೃತಿ ಒಂದಿಷ್ಟು ಕೈ ಹಿಡಿಯುತ್ತೆ. ಉಳಿದ ಕೊರತೆಗೆ ವೈದ್ಯರು ಅದೇ ಹಾಲಿಗೆ ಫಾರ್ಟಿಫೈಯರ್ ಪುಡಿ ಬೆರೆಸ್ತಾರೆ.

ಹಾಗಿದ್ರೆ ಡಬ್ಬಿ ಹಾಲೇ ಕೊಟ್ಟರಾಯ್ತಲ್ಲ ಅಂತ ಕೇಳಬಹುದು. ಲೆಕ್ಕದಲ್ಲಿ ಅದು ಸರಿ ಕಾಣುತ್ತೆ, ಕರುಳಲ್ಲಿ ಅಲ್ಲ. ಅವಧಿಪೂರ್ವ ಮಕ್ಕಳ ಕರುಳಿನ ಗೋಡೆಯೇ ಕೊಳೆಯುವ ಒಂದು ಕಾಯಿಲೆ ಇದೆ, ವೈದ್ಯರು ಎನ್.ಇ.ಸಿ. ಅಂತಾರೆ. ಪ್ರಾಣಕ್ಕೇ ಕುತ್ತು ತರುವಂಥದ್ದು. ಎದೆಹಾಲು ಕುಡಿದ ಮಕ್ಕಳಿಗಿಂತ ಡಬ್ಬಿ ಹಾಲು ಕುಡಿದ ಮಕ್ಕಳಲ್ಲಿ ಇದು ಜಾಸ್ತಿ. ಎದೆಹಾಲಿನ ಪ್ರತಿಕಾಯಗಳು, ವಿಶೇಷ ಸಕ್ಕರೆಗಳು ಕರುಳನ್ನ ಕಾಯುತ್ತವೆ. ಡಬ್ಬಿಯಲ್ಲಿ ಆ ಕಾವಲು ಸಿಗಲ್ಲ.

ಅದಕ್ಕೇ ಮೊದಲ ಆಯ್ಕೆ ಹೆತ್ತಮ್ಮನ ಹಾಲು. ಅದು ಸಾಲದಿದ್ದರೆ ದಾನದ ಹಾಲು. ಭಾರತದಲ್ಲಿ ಇಂಥ ಬ್ಯಾಂಕ್ ಮೊದಲು ತೆರೆದದ್ದು 1989ರಲ್ಲಿ, ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ, ಡಾ. ಅರ್ಮಿಡಾ ಫರ್ನಾಂಡಿಸ್ ಅವರಿಂದ. ದಾನಿ ತಾಯಂದಿರಿಗೆ ಎಚ್.ಐ.ವಿ., ಹೆಪಟೈಟಿಸ್ ಬಿ, ಸಿಫಿಲಿಸ್ ಮುಂತಾದ ಪರೀಕ್ಷೆ ಆಗುತ್ತೆ. ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ತಕ್ಷಣ ತಣ್ಣಗೆ ಮಾಡಿ, ರೋಗಾಣು ಇಲ್ಲ ಅಂತ ಖಚಿತಪಡಿಸಿಕೊಂಡು, ಮೈನಸ್ 20 ಡಿಗ್ರಿಯಲ್ಲಿ ಇಡ್ತಾರೆ. ಡೇರಿಯಲ್ಲಿ ಸಾಮಾನ್ಯವಾಗಿ 72 ಡಿಗ್ರಿ, 15 ಸೆಕೆಂಡ್. ಇಲ್ಲಿ ಬಿಸಿ ಕಡಿಮೆ, ಸಮಯ ಜಾಸ್ತಿ. ರೋಗಾಣು ಸಾಯಬೇಕು, ಪ್ರತಿಕಾಯ ಆದಷ್ಟೂ ಉಳೀಬೇಕು. ನಾವು ದಿನಾ ಓದೋ ಆಪ್ಟಿಮೈಸೇಶನ್ ಇದೇ ಅಲ್ವಾ? ಆದರೂ ಒಂದಿಷ್ಟು ಪ್ರತಿಕಾಯ, ಕೊಬ್ಬು ಕರಗಿಸುವ ಕಿಣ್ವ ನಷ್ಟವಾಗುತ್ತೆ. ಹಾಗಾಗಿ ದಾನದ ಹಾಲು ಯಾವಾಗಲೂ ಎರಡನೇ ಆಯ್ಕೆಯೇ.

ಇದನ್ನ ಮಾರೋ ಹಾಗಿಲ್ಲ. ಎದೆಹಾಲಿನ ವ್ಯಾಪಾರಕ್ಕೆ ಪರವಾನಗಿ ಕೊಡಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಡಬ್ಬಿ ಹಾಲಿನ ಜಾಹೀರಾತಿಗೂ 1992ರ ಕಾಯ್ದೆಯಲ್ಲಿ ನಿಷೇಧ ಇದೆ.

ಇದರಲ್ಲಿ ನಮ್ಮ ಪಾತ್ರ ಏನು? ನಮ್ಮ ಅಕ್ಕನೋ ಅತ್ತಿಗೆಯೋ ನಾಳೆ ಇಂಥ ಸ್ಥಿತಿಯಲ್ಲಿ ಇರಬಹುದು. ಹಸುವಿನ ಗಿಣ್ಣು ಅಂದ್ರೆ ಬೆಲ್ಲ ಹಾಕಿ ಚಪ್ಪರಿಸಿ ತಿನ್ನೋ ನಾವು, ತಾಯಿಯ ಗಿಣ್ಣುಹಾಲನ್ನ 'ಕೆಟ್ಟ ಹಾಲು' ಅಂತ ಚೆಲ್ಲೋ ಮನೆಗಳನ್ನೂ ನೋಡ್ತೀವಿ. ಆ ಹಳದಿ ಹನಿಗಳಲ್ಲೇ ಪ್ರತಿಕಾಯ ಹೆಚ್ಚು. ಜೇನು ನೆಕ್ಕಿಸೋದು, ಸಕ್ಕರೆ ನೀರು ಕುಡಿಸೋದು ಬೇಡವೇ ಬೇಡ. ಮಗು ಐ.ಸಿ.ಯು.ನಲ್ಲಿದ್ದರೂ ಹೆತ್ತ ಕೆಲವೇ ಗಂಟೆಗಳಲ್ಲಿ ಹಾಲು ಹಿಂಡಲು ಶುರು ಮಾಡಬೇಕು, ದಿನಕ್ಕೆ ಕನಿಷ್ಠ 8 ಸಲ, ರಾತ್ರಿಯೂ ಸೇರಿ. ಹಿಂಡಿದಷ್ಟೂ ಹಾಲು ಬರುತ್ತೆ, ಇದು ಡಿಮ್ಯಾಂಡ್ ನೋಡಿ ನಡೆಯೋ ವ್ಯವಸ್ಥೆ. ಮಗುವನ್ನ ಎದೆಗೆ ಅಪ್ಪಿ ಇಟ್ಟುಕೊಳ್ಳೋ ಕಾಂಗರೂ ಆರೈಕೆಯೂ ಹಾಲು ಹೆಚ್ಚಿಸುತ್ತೆ. ಅಪ್ಪನೂ ಹಾಗೆ ಅಪ್ಪಿ ಇಟ್ಟುಕೊಂಡು ಅಮ್ಮನಿಗೆ ಸ್ವಲ್ಪ ನಿದ್ದೆ ಕೊಡಬಹುದು.

ಮೊದಲ ದಿನ ಬಾಟಲಿಯ ತಳದಲ್ಲಿ ನಾಲ್ಕೇ ಹನಿ ಕಂಡಾಗ 'ಹಾಲೇ ಇಲ್ಲ' ಅಂತ ಮನೆಯವರೆಲ್ಲ ಹೇಳೋಕೆ ಶುರು ಮಾಡ್ತಾರೆ. ಆಗ ಈ ಲೆಕ್ಕ ನೆನಪಿರಲಿ. ಅವತ್ತಿಗೆ ಆ ಮಗುವಿಗೆ ಬೇಕಿರೋದೂ ಕೆಲವೇ ಹನಿ.