ರಾತ್ರಿಯ ಕಾಲ್ನಡಿಗೆಗೆ ಬೇಕಾದ ಸಾಮಗ್ರಿಗಳ ಆಯ್ಕೆ

ನಮ್ಮ ಸೀಮೆಯಲ್ಲಿ ಇರುಳು ನಡೆಯುವುದು ಹೊಸ ಸಂಗತಿಯಲ್ಲ. ಬೇಸಗೆಯ ಉಷ್ಣವು 40 ಡಿಗ್ರಿಯನ್ನು ಮೀರುವ ಈ ಬಯಲಿನಲ್ಲಿ, ಎತ್ತಿನ ಬಂಡಿಗಳ ಕಾಲದ ಜನರು ಬಿಸಿಲಿಳಿದ ಮೇಲೆ ಹೊರಟು ಬೆಳಗಾಗುವುದರೊಳಗೆ ಊರು ಮುಟ್ಟುತ್ತಿದ್ದರು. ಇಂದಿಗೂ ಸೀಗಿ ಹುಣ್ಣಿಮೆಯ ಸುಮಾರಿಗೆ ತುಳಜಾಪುರಕ್ಕೆ ನಡೆದುಹೋಗುವ ಭಕ್ತರ ಗುಂಪುಗಳು ಆಳಂದದ ಹಾದಿಯಲ್ಲಿ ರಾತ್ರಿಯ ವೇಳೆ ಕಾಣಸಿಗುತ್ತವೆ. ಈಗ ನಮ್ಮ ಹೆಣ್ಣುಮಕ್ಕಳೂ ಬೆಳುದಿಂಗಳಿನಲ್ಲಿ ಕೆಲವು ಮೈಲಿ ನಡೆದು ಬರುವೆವೆಂದು ಕೇಳುತ್ತಿರುವರು. ತಾಯಿತಂದೆಗಳು ಬೇಡವೆನ್ನುತ್ತಿರುವರು. ಈ ಎರಡು ಪಕ್ಷಗಳ ನಡುವೆ ತೀರ್ಪು ಹೇಳುವ ಮೊದಲು, ಹೋಗುವವರ ಕೈಯಲ್ಲಿಯೂ ಮೈಮೇಲೆಯೂ ಏನೇನು ಇರತಕ್ಕದ್ದೆಂಬುದನ್ನು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಹೆತ್ತವರ ಭಯವು ಹೆಚ್ಚಾಗಿ ಕಳ್ಳಕಾಕರದು ಮತ್ತು ಹುಳುಹುಪ್ಪಟೆಗಳದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೆದ್ದಾರಿಯಲ್ಲಿ ನಡೆಯುವವರ ಪ್ರಾಣಕ್ಕೆ ಕುತ್ತು ಬರುವುದು ಬಹುಮಟ್ಟಿಗೆ ವಾಹನಗಳಿಂದ. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ದಾರಿಯನ್ನೇ ನೋಡಿರಿ. ಮಹಾಗಾಂವ ಕ್ರಾಸನ್ನು ಹಾದು ಹುಮನಾಬಾದಿನ ಕಡೆಗೆ ಹೋಗುವ ಈ ರಾಷ್ಟ್ರೀಯ ಹೆದ್ದಾರಿಯಲ್ಲಿ (ಇದರ ಸಂಖ್ಯೆ 50) ಲಾರಿಗಳ ಓಡಾಟವು ರಾತ್ರಿಯೂ ನಿಲ್ಲುವುದಿಲ್ಲ. ಆದುದರಿಂದ ಸಾಮಗ್ರಿಗಳ ಆಯ್ಕೆಯು ನಮಗೆ ದಾರಿಯನ್ನು ಕಾಣಿಸುವ ವಸ್ತುವಿನಿಂದಲ್ಲ, ನಮ್ಮನ್ನು ಇತರರಿಗೆ ಕಾಣಿಸುವ ವಸ್ತುವಿನಿಂದ ಮೊದಲಾಗತಕ್ಕದ್ದು. ಅಂಗಡಿಯವನು ಇದನ್ನು ಹೇಳುವುದಿಲ್ಲ. ಅವನು ಎಲ್ಲಕ್ಕಿಂತ ದೊಡ್ಡ ಟಾರ್ಚನ್ನೇ ಮೊದಲು ತೆಗೆದು ತೋರಿಸುವನು.

ಒಂದು ಸುಲಭವಾದ ಲೆಕ್ಕವನ್ನು ಮಾಡೋಣ. ಗಂಟೆಗೆ 60 ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದುವರಿಯುತ್ತದೆ. ಎದುರಿನ ವಸ್ತುವನ್ನು ಕಂಡು, ತಿಳಿದು, ಕಾಲನ್ನು ಬ್ರೇಕಿನ ಮೇಲಿಡುವುದಕ್ಕೆ ಚಾಲಕನಿಗೆ ಒಂದೂವರೆ ಸೆಕೆಂಡಾದರೂ ಬೇಕು. ಅಷ್ಟರಲ್ಲಿ 25 ಮೀಟರು ಕಳೆದಿರುತ್ತದೆ. ಆಮೇಲೆ ಬಂಡಿ ನಿಲ್ಲುವುದಕ್ಕೆ ಇನ್ನೂ 20 ಮೀಟರಿಗೆ ಕಡಮೆಯಿಲ್ಲ. ಸರಕು ತುಂಬಿದ ಲಾರಿಗೆ ಇದಕ್ಕೂ ಹೆಚ್ಚು ಬೇಕು. ಕೆಳಗಿಳಿಸಿದ ದೀಪದ ಬೆಳಕಿನಲ್ಲಿ ಕಪ್ಪು ಉಡುಪಿನವರು ಕಾಣಿಸುವುದು ಸಾಮಾನ್ಯವಾಗಿ ಮೂವತ್ತು ನಲವತ್ತು ಮೀಟರಿನೊಳಗೆ ಮಾತ್ರ. ಚಾಲಕನು ಎಷ್ಟೇ ಜಾಗರೂಕನಾಗಿದ್ದರೂ ಈ ಲೆಕ್ಕ ಸರಿಹೋಗುವುದಿಲ್ಲವೆಂಬುದು ವಾಚಕರಿಗೆ ತಾನಾಗಿಯೇ ತಿಳಿಯುವುದು. ಬಿಳಿಯ ಬಟ್ಟೆಯು ಸ್ವಲ್ಪ ಸಹಾಯಮಾಡುತ್ತದೆ, ಆದರೆ ಸಾಲದು. ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಪಟ್ಟಿಯು ಮಾತ್ರ ನೂರು ಮೀಟರಿಗೂ ಆಚೆಯಿಂದ ಹೊಳೆಯುತ್ತದೆ. ಇಂಗ್ಲೆಂಡಿನ ಪರ್ಸಿ ಷಾ ಎಂಬವನು 1934ರಲ್ಲಿ ರಸ್ತೆಯ ನಡುವೆ ಕೂರಿಸುವ 'ಬೆಕ್ಕಿನ ಕಣ್ಣು'ಗಳನ್ನು ಮಾಡಿದುದು ಈ ತತ್ತ್ವದಿಂದಲೇ. ವಾಹನಗಳ ಬಿಡಿಭಾಗಗಳನ್ನು ಮಾರುವ ಅಂಗಡಿಗಳಲ್ಲಿ ಇಂಥ ಪಟ್ಟಿ ಅಲ್ಪ ಬೆಲೆಗೆ ದೊರೆಯುವುದು. ಅದನ್ನು ಬೆನ್ನಿಗೆ ಮಾತ್ರ ಅಂಟಿಸಿದರೆ ದೂರದ ಚಾಲಕನು ಯಾವುದೋ ಕಲ್ಲುಕಂಬವೆಂದು ಬಗೆಯಬಹುದು. ಕಣಕಾಲಿಗೂ ಮುಂಗೈಗೂ ಕಟ್ಟಿಕೊಂಡರೆ ಅವುಗಳ ಚಲನೆಯಿಂದಲೇ ಮನುಷ್ಯರೆಂದು ಗುರುತಿಸುವನು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಜೋಹಾನ್ಸನ್ 1973ರಲ್ಲಿ, ಕತ್ತಲೆಯಲ್ಲಿ ಕೀಲುಗಳಿಗೆ ಕಟ್ಟಿದ ಕೆಲವೇ ಬೆಳಕಿನ ಚುಕ್ಕೆಗಳಿಂದ ನಡೆಯುವ ಮನುಷ್ಯನನ್ನು ನೋಡುವವರು ಕೂಡಲೆ ಗುರುತಿಸುವರೆಂದು ತೋರಿಸಿಕೊಟ್ಟನು.

ಉಡುಪಿನ ಬಣ್ಣದ ವಿಷಯದಲ್ಲಿ ಕಮಲಾಪುರದ ಕೆಂಪು ಬಾಳೆಯೇ ನಮಗೊಂದು ಪಾಠವನ್ನು ಕಲಿಸುತ್ತದೆ. ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಈ ಹಣ್ಣಿನ ಗೊನೆಯನ್ನು ಹಗಲು ನೋಡಿದರೆ ಎಲೆಗಿಂತ ಅದೇ ಎದ್ದು ಕಾಣುವುದು. ಮುಸ್ಸಂಜೆ ಕವಿಯುತ್ತ ಬಂದಂತೆ ಗೊನೆಯು ಕಪ್ಪಾಗಿ ಮರೆಯಾಗುತ್ತದೆ. ಹಸಿರೆಲೆಯಾದರೋ ಇನ್ನೂ ಬಹಳ ಹೊತ್ತು ಮಸುಕಾಗಿ ಕಾಣುತ್ತಿರುತ್ತದೆ. ಮಂದ ಬೆಳಕಿನಲ್ಲಿ ಕೆಂಪು ಮೊದಲು ಕರಗುವುದೆಂಬುದನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೊಹೀಮಿಯಾದ ಪುರ್ಕಿನ್ಯೆ ಎಂಬ ಪಂಡಿತನು ಹೂಗಳನ್ನು ನೋಡಿ ಗುರುತಿಸಿದನು. ಮದುವೆಮನೆಗೆ ಒಪ್ಪುವ ಕೆಂಪು ಸೀರೆಯು ಇರುಳಿನ ದಾರಿಯಲ್ಲಿ ಕರಿಯ ಸೀರೆಗೆ ಸಮಾನ.

ಇದರ ಕಾರಣವು ಕಣ್ಣಿನ ರಚನೆಯಲ್ಲಿದೆ. ಅಕ್ಷಿಪಟದಲ್ಲಿ ಬಣ್ಣವನ್ನು ಅರಿಯುವ ಶಂಕುಕೋಶಗಳು ಸುಮಾರು 60 ಲಕ್ಷ. ಮಂದ ಬೆಳಕನ್ನು ಅರಿಯುವ ದಂಡಕೋಶಗಳು ಸುಮಾರು 12 ಕೋಟಿ. ಬೆಳಕಿನಿಂದ ಕತ್ತಲೆಗೆ ಬಂದ ಮೇಲೆ ದಂಡಕೋಶಗಳು ಪೂರ್ಣವಾಗಿ ಎಚ್ಚರಗೊಳ್ಳುವುದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಪ್ರಖರವಾದ ದೀಪವು ಒಮ್ಮೆ ಕಣ್ಣಿಗೆ ಬಿದ್ದರೆ ಆ ಎಚ್ಚರವು ಕ್ಷಣದಲ್ಲಿ ಹೋಗುತ್ತದೆ. ಕಣ್ಣಿನ ನಟ್ಟನಡುವೆ ದಂಡಕೋಶಗಳಿಲ್ಲದಿರುವುದರಿಂದ, ಕತ್ತಲೆಯಲ್ಲಿ ವಸ್ತುವನ್ನು ನೇರವಾಗಿ ದಿಟ್ಟಿಸದೆ ತುಸು ಪಕ್ಕಕ್ಕೆ ನೋಡಿದರೆ ಅದು ಹೆಚ್ಚು ಸ್ಪಷ್ಟವಾಗಿ ಕಾಣುವುದು. ಎಲ್ಲರಿಗೂ ಕಾಣುವ ದಾರಿಯು ಒಬ್ಬ ಹುಡುಗಿಗೆ ಮಾತ್ರ ಕಾಣದೆ ಅವಳು ಎಡವುತ್ತಿದ್ದರೆ, ತಾಯಂದಿರು ಅದನ್ನು ಅಲಕ್ಷ್ಯವೆಂದು ಗದರಿಸದೆ ವೈದ್ಯರಿಗೆ ತೋರಿಸಬೇಕು. ಇರುಳುಗಣ್ಣಿಗೆ ಎ ಜೀವಸತ್ತ್ವದ ಕೊರತೆಯೂ ಒಂದು ಕಾರಣವಾಗಿರುವುದು.

ಇನ್ನು ದೀಪದ ಮಾತು. ಹಿಂದಿನವರಿಗೆ ಕಂದೀಲು ಸಾಕಾಗಿತ್ತು. ಈಗಿನ ಎಲ್‌ಇಡಿ ಟಾರ್ಚುಗಳು ಸಾವಿರ ಲ್ಯೂಮೆನ್ ಎಂದು ಕೂಗಿಕೊಳ್ಳುತ್ತವೆ. ನಡೆಯುವುದಕ್ಕೆ ಐವತ್ತು ಲ್ಯೂಮೆನ್ ಧಾರಾಳ. ಬೆಳಕನ್ನು ಕಡಮೆಮಾಡುವ ಅನುಕೂಲವಿರುವ, ಮಳೆಹನಿಗೆ ಕೆಡದ, ಸಾಧ್ಯವಾದರೆ ಕೆಂಪು ಬೆಳಕೂ ಇರುವ ದೀಪವನ್ನು ಆರಿಸಿಕೊಳ್ಳಬೇಕು. ಮಂದವಾದ ಕೆಂಪು ಬೆಳಕಿಗೆ ದಂಡಕೋಶಗಳು ಬಹುಮಟ್ಟಿಗೆ ಕುರುಡಾಗಿರುವುದರಿಂದ, ಗಂಟುಮೂಟೆಯನ್ನು ಬಿಚ್ಚಿ ನೋಡುವಾಗ ಅದು ಕಣ್ಣಿನ ಎಚ್ಚರವನ್ನು ಕೆಡಿಸುವುದಿಲ್ಲ. ಹಣೆಗೆ ಕಟ್ಟುವ ದೀಪದಿಂದ ಕೈಗಳು ಬಿಡುವಾಗುತ್ತವೆ, ನಿಜ. ಆದರೆ ಬೆಳಕು ಕಣ್ಣಿನ ಬಳಿಯಿಂದಲೇ ಹೊರಡುವುದರಿಂದ ಕಲ್ಲು ಕುಳಿಗಳ ನೆರಳು ನಮಗೆ ಕಾಣದೆ ನೆಲವೆಲ್ಲ ಚಪ್ಪಟೆಯಾಗಿ ತೋರುತ್ತದೆ. ಅದೇ ದೀಪವನ್ನು ನಡುವಿಗೆ ಕಟ್ಟಿದರೆ ಪ್ರತಿಯೊಂದು ಉಬ್ಬುತಗ್ಗೂ ನೆರಳು ಚಾಚಿ ತನ್ನನ್ನು ತಾನೇ ತಿಳಿಸುತ್ತದೆ. ಮೊಬೈಲನ್ನು ದೀಪವಾಗಿ ಬಳಸಕೂಡದು. ಅದು 112 ಮತ್ತು 108ನ್ನು ಕರೆಯುವುದಕ್ಕಾಗಿ ಉಳಿಯಬೇಕು.

ಎಲ್ಲಕ್ಕೂ ಮಿಗಿಲಾದ ದೀಪಕ್ಕೆ ಬೆಲೆಯಿಲ್ಲ, ಪಂಚಾಂಗವನ್ನು ನೋಡಿದರಾಯಿತು. ಚಂದ್ರನು ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುವುದರಿಂದ, ಶುಕ್ಲ ದಶಮಿಯಿಂದ ಹುಣ್ಣಿಮೆಯವರೆಗೆ ಮುನ್ನಿರುಳೆಲ್ಲ ಬೆಳುದಿಂಗಳಿರುವುದು. ಬಹುಳ ಪಂಚಮಿಯಂದು ಹೊರಟವರು ಸುಮಾರು ಹತ್ತು ಗಂಟೆಯವರೆಗೆ ಕತ್ತಲೆಯಲ್ಲಿಯೇ ನಡೆಯಬೇಕು. ದಿಕ್ಕಿಗೆ ಧ್ರುವ ನಕ್ಷತ್ರವಿದೆ. ಕಲಬುರಗಿಯ ಅಕ್ಷಾಂಶವು 17 ಡಿಗ್ರಿಗೆ ತುಸು ಮೇಲಿರುವುದರಿಂದ ಧ್ರುವವೂ ದಿಗಂತದಿಂದ ಅಷ್ಟೇ ಎತ್ತರದಲ್ಲಿ, ಚಾಚಿದ ಕೈಯ ಒಂದು ಗೇಣಿಗೆ ತುಸು ಕಡಮೆಯಾಗಿ ಕಾಣುತ್ತದೆ. ಕಮಲಾಪುರದ ಕಡೆಗೆ ಮುಖಮಾಡಿದವರಿಗೆ ಅದು ಎಡಗಡೆಯ ಮುಂದಿರುವುದು.

ಪಾದರಕ್ಷೆಯನ್ನು ನೆಲ ನೋಡಿ ಆರಿಸಬೇಕು. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಒಂದೊಂದು ಹೆಜ್ಜೆಗೂ ಸೇರು ಮಣ್ಣು ಅಂಟಿ ಚಪ್ಪಲಿಯ ಬಾರು ಕಿತ್ತುಹೋಗುವುದು. ಆ ದಿನಗಳಲ್ಲಿ ಹೊಲದ ದಾರಿಯನ್ನು ಹಿಡಿಯದಿರುವುದೇ ಲೇಸು. ತೊಗರಿಯ ಕಟಾವು ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಕೂಳೆಗಳು ಮೊಳೆಯಂತೆ ನಿಂತಿರುತ್ತವೆ, ಅವು ತೆಳುವಾದ ರಬ್ಬರಿನ ಅಟ್ಟೆಯನ್ನು ತೂರಿಕೊಂಡು ಬರಬಲ್ಲವು. ಕಣಕಾಲನ್ನು ಮುಚ್ಚುವ, ಗಟ್ಟಿ ಅಟ್ಟೆಯ, ಎರಡು ವಾರವಾದರೂ ತೊಟ್ಟು ಪಳಗಿಸಿದ ಬೂಟು ಬೇಕು. ಹೊಸ ಬೂಟಿಗಿಂತ ಹಳೆಯ ಬೂಟೇ ಮೇಲು.

ಕೊಳಕುಮಂಡಲವೂ ಕಟ್ಟುಹಾವೂ ಇರುಳಿನಲ್ಲಿಯೇ ತಿರುಗುವ ಪ್ರಾಣಿಗಳು. ಕೈಯಲ್ಲಿ ಉದ್ದನೆಯ ಬಡಿಗೆಯಿರಬೇಕು. ಅದನ್ನು ನೆಲಕ್ಕೆ ಊರುತ್ತ ನಡೆದರೆ ನೆಲದ ಅದಿರಾಟವನ್ನು ಹಾವು ಅರಿಯುತ್ತದೆ. ಹಾಗೆಂದು ಕೊಳಕುಮಂಡಲವು ಯಾವಾಗಲೂ ಸರಿದುಹೋಗುವುದೆಂದು ನಂಬತಕ್ಕದ್ದಲ್ಲ. ದೀಪವು ಕಾಲ ಮುಂದೆ ಬೀಳುತ್ತಿರಲೇಬೇಕು. ಬರಿಯ ನೆಲದಲ್ಲಿ ಮಲಗತಕ್ಕದ್ದಲ್ಲ, ಮಲಗಿದವರ ಹಾಸಿಗೆಗೇ ಬಂದು ಕಚ್ಚುವುದು ಕಟ್ಟುಹಾವಿನ ಗುಣ. ಚೀಲದಲ್ಲಿ ಅಗಲವಾದ ಬಟ್ಟೆಯ ಪಟ್ಟಿಯೂ ಒಂದು ಹಲಗೆಯ ತುಂಡೂ ಇರಲಿ. ಹಾವು ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸುವುದಕ್ಕೆ ಅವು ಬೇಕು, ಬಿಗಿದು ಕಟ್ಟುವುದಕ್ಕಲ್ಲ. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಇವೆಲ್ಲ ಹಾನಿಕರ. ಪ್ರತಿವಿಷವಿರುವ ಆಸ್ಪತ್ರೆಗೆ ಒಡನೆ ಸಾಗಿಸುವುದೊಂದೇ ಉಪಾಯ. ಕರ್ನಾಟಕ ಸರಕಾರವು 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿಮಾಡತಕ್ಕ ಸಂಗತಿಯೆಂದು ಘೋಷಿಸಿರುವುದನ್ನು ನೋಡಿದರೆ ಇದರ ಗುರುತ್ವವು ತಿಳಿಯುವುದು.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ತಲೆಗೆ ಎರಡು ಲೀಟರಿಗೆ ಕಡಮೆಯಿಲ್ಲದ ನೀರು. ಚಳಿಗಾಲವಾದರೆ ಕಂಬಳಿಯನ್ನು ನಡೆಯುವಾಗ ಹೊದೆಯದೆ ಕುಳಿತಾಗ ಹೊದೆಯಬೇಕು. ಹೊದ್ದು ನಡೆದರೆ ಬೆವರಿನಿಂದ ಒಳಬಟ್ಟೆಯು ನೆನೆದು, ನಿಂತ ಕೂಡಲೆ ಚಳಿಯು ಇಮ್ಮಡಿಸುವುದು.

ಮೊದಲ ನಡಿಗೆಗೆ ಹೆದ್ದಾರಿಯೂ ಬೇಡ, ಕಲಬುರಗಿಯಿಂದ ಮೂವತ್ತೈದು ಕಿಲೋಮೀಟರಿಗೂ ಮೇಲಿನ ದೂರವೂ ಬೇಡ. ಸಂಜೆಯ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ, ಹೊಲದವರ ಅನುಮತಿ ಪಡೆದು, ಹಗಲಿನಲ್ಲಿ ಒಮ್ಮೆ ನೋಡಿಟ್ಟುಕೊಂಡ ಬಂಡಿದಾರಿಯಲ್ಲಿ ಆರೇಳು ಕಿಲೋಮೀಟರು ನಡೆದರೆ ಸಾಕು. ಡಾಂಬರು ರಸ್ತೆಯನ್ನು ಹಿಡಿಯಲೇಬೇಕಾದಲ್ಲಿ ಬಲಬದಿಗೆ, ಎದುರು ಬರುವ ವಾಹನಗಳಿಗೆ ಮುಖವಾಗಿ, ಒಬ್ಬರ ಹಿಂದೊಬ್ಬರು ನಡೆಯತಕ್ಕದ್ದು. ಹಿರಿಯರಿಬ್ಬರಿಲ್ಲದೆ ಹೊರಡಕೂಡದು, ಹೋಗುವ ದಾರಿ, ಹಿಂದಿರುಗುವ ಸಮಯ, ಸಂಗಡಿಗರ ಹೆಸರುಗಳನ್ನು ಬರೆದ ಚೀಟಿಯೊಂದು ಮನೆಯಲ್ಲಿರಬೇಕು.

ಹೊರಡುವ ಹಿಂದಿನ ರಾತ್ರಿ ಅಂಗಳದ ದೀಪಗಳನ್ನು ಆರಿಸಿ, ಚೀಲವನ್ನು ಮುಂದಿಟ್ಟುಕೊಂಡು, ಟಾರ್ಚು, ನೀರು, ಪಟ್ಟಿ, ಮೊಬೈಲುಗಳನ್ನು ಕೈಯಿಂದ ತಡವಿಯೇ ಹೊರತೆಗೆಯುವ ಅಭ್ಯಾಸ ಮಾಡಿರಿ. ತಾಯಂದಿರು ಹತ್ತಿರ ಕುಳಿತು ಎಣಿಸಲಿ. ಹತ್ತು ಎಣಿಸುವುದರೊಳಗೆ ಕೈಗೆ ಸಿಗದ ವಸ್ತುವನ್ನು ಚೀಲದ ಹೊರಜೇಬಿಗೆ ಬದಲಾಯಿಸಿ, ಮತ್ತೊಮ್ಮೆ ಮೊದಲಿನಿಂದ ತೆಗೆದು ನೋಡಿರಿ.