ಟಾಹೊ ಕೊಂಡ ಹುಡುಗನಿಗೆ ದೊಡ್ಡಪ್ಪನ ಪತ್ರ



2004ರ ಶೆವ್ರೊಲೆ ಟಾಹೊ ಮನೆಗೆ ಬಂದ ಸುದ್ದಿ ತಲುಪಿತು. ಅದರ ಬೆನ್ನಿಗೇ ಪಟ್ಟಿಯೂ ಬಂತು: 320 ಆಂಪಿಯರಿನ ಆಲ್ಟರ್ನೇಟರ್, ಎರಡನೆಯ ಬ್ಯಾಟರಿ, ಹೆಬ್ಬೆರಳ ದಪ್ಪದ ಕೇಬಲ್ಲು, ಕ್ಯಾಂಪಿಂಗಿಗೊಂದು ಫ್ರಿಜ್ಜು. ಡಿಕ್ಕಿಯಲ್ಲಿ ಸಾವಿರ ವ್ಯಾಟಿನ ಆಂಪ್ಲಿಫೈಯರ್ ಆಗಲೇ ಕೂತಿದೆಯಂತೆ. ಡಲ್ಲಾಸಿನ ಸಿಗ್ನಲ್ಲುಗಳಲ್ಲಿ ಗಾಡಿ ನಿಂತಾಗ ಹಾಡಿನ ಡ್ರಮ್ಮಿನ ಒಂದೊಂದು ಪೆಟ್ಟಿಗೂ ಹೆಡ್‌ಲೈಟು ಮಂಕಾಗುತ್ತದೆ ಅನ್ನುವುದು ನಿನ್ನ ದೂರು. ಇಷ್ಟುದ್ದದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಇರಬೇಕಾದದ್ದೇ ಇಲ್ಲ. ಅದು ಮಲ್ಟಿಮೀಟರು. ಇಪ್ಪತ್ತು ಮೂವತ್ತು ಡಾಲರಿಗೆ ಸಿಗುತ್ತದೆ. ಅದನ್ನು ಕೊಂಡು ಅಳೆಯುವ ತನಕ ಉಳಿದ ಯಾವುದಕ್ಕೂ ದುಡ್ಡು ಬಿಚ್ಚಬೇಡ.

ದೊಡ್ಡಪ್ಪನಿರುವ ಈ ಮಿಶಿಗನ್ ಕಾರಿನ ಸೀಮೆ, ಆದ್ದರಿಂದ ಸ್ವಲ್ಪ ಹಳೆಯ ಕಥೆ ಸಹಿಸಿಕೋ. ಕೈಯಿಂದ ಹ್ಯಾಂಡಲ್ ತಿರುವಿ ಎಂಜಿನ್ ಎಬ್ಬಿಸುತ್ತಿದ್ದ ಕಾಲಕ್ಕೆ ಕೊನೆ ಹಾಡಿದ್ದು 1912ರ ಕ್ಯಾಡಿಲಾಕ್. ಒಹಾಯೊದ ಡೇಟನ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಕಟ್ಟಿದ ಡೆಲ್ಕೊ ಕಂಪನಿ ಅದಕ್ಕೆ ಸೆಲ್ಫ್ ಸ್ಟಾರ್ಟರ್ ಕೂರಿಸಿತು. ಸೆಲ್ಫ್ ಬಂದಮೇಲೆ ಬ್ಯಾಟರಿ ಬೇಕಾಯಿತು, ಬ್ಯಾಟರಿ ಬಂದಮೇಲೆ ಅದನ್ನು ತುಂಬಿಸಲು ಡೈನಮೋ ಬೇಕಾಯಿತು. ಮುಂದಿನ ಸುಮಾರು ಐವತ್ತು ವರ್ಷ ಡೈನಮೋದ್ದೇ ರಾಜ್ಯ. ಅದಕ್ಕೊಂದು ಜಾಯಮಾನ ಇತ್ತು. ಎಂಜಿನ್ ನಿಧಾನಕ್ಕೆ ತಿರುಗುವಾಗ ಅದು ಕೊಡುತ್ತಿದ್ದದ್ದು ಇಲ್ಲವೇ ಇಲ್ಲ ಎನ್ನುವಷ್ಟು. ಸಿಲಿಕಾನ್ ಡಯೋಡುಗಳು ಅಗ್ಗವಾದಮೇಲೆ, 1960ರಲ್ಲಿ, ಕ್ರೈಸ್ಲರ್ ಕಂಪನಿಯ ವ್ಯಾಲಿಯಂಟ್ ಆಲ್ಟರ್ನೇಟರನ್ನು ಅಮೆರಿಕದ ಜನಸಾಮಾನ್ಯರ ಕಾರಿಗೆ ತಂದಿತು. ಆಲ್ಟರ್ನೇಟರ್ ಐಡಲ್‌ನಲ್ಲೂ ತಕ್ಕಮಟ್ಟಿಗೆ ಕರೆಂಟು ಕೊಡುತ್ತದೆ. ನಿನ್ನ ತಕರಾರಿನ ಬೇರು ಇರುವುದು ಆ ‘ತಕ್ಕಮಟ್ಟಿಗೆ’ಯಲ್ಲೇ.

ಆಲ್ಟರ್ನೇಟರಿನ ಮೈಮೇಲೆ ಬರೆದಿರುವ ಆಂಪಿಯರು ಅದರ ಶಾಫ್ಟು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಅಳೆದದ್ದು. ಎಂಜಿನ್ ಒಂದು ಸುತ್ತು ತಿರುಗಿದರೆ, ದೊಡ್ಡ ಪುಲ್ಲಿಯಿಂದ ಸಣ್ಣ ಪುಲ್ಲಿಗೆ ಬೆಲ್ಟು ಹಾಯುವುದರಿಂದ, ಆಲ್ಟರ್ನೇಟರ್ ಸುಮಾರು ಮೂರು ಸುತ್ತು ತಿರುಗುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ 600 ಸುತ್ತಿನಲ್ಲಿದ್ದರೆ ಅದು 1,800ರಲ್ಲಿ ಇರುತ್ತದೆ. ಅಲ್ಲಿ ಬರೆದ ಅಂಕಿಯ ಅರ್ಧದ ಆಸುಪಾಸು ಸಿಕ್ಕಿದರೆ ಪುಣ್ಯ. ಟೆಕ್ಸಸ್ಸಿನ ಆಗಸ್ಟಿನಲ್ಲಿ ಎಸಿಯ ಬ್ಲೋವರು ಪೂರ್ತಿ, ಹೆಡ್‌ಲೈಟು, ಪೆಟ್ರೋಲ್ ಪಂಪು, ಇಂಜೆಕ್ಟರು, ಕಂಪ್ಯೂಟರು ಎಲ್ಲ ಸೇರಿ ಅದರಲ್ಲಿ ದೊಡ್ಡ ಪಾಲನ್ನು ನುಂಗಿಯೇಬಿಡುತ್ತವೆ. ನಿನ್ನದು 2004ರ ಗಾಡಿಯಾದ್ದರಿಂದ ರೇಡಿಯೇಟರಿನ ಫ್ಯಾನು ಎಂಜಿನ್ನಿನಿಂದಲೇ ತಿರುಗುತ್ತದೆ. 2005ರಿಂದ ಈಚೆಗೆ ಹಲವು ಟಾಹೊಗಳಿಗೆ ವಿದ್ಯುತ್ ಫ್ಯಾನು ಬಂತು, ಅದರ ಹಸಿವು ಬೇರೆ.

ಈಗ ಆಂಪ್ಲಿಫೈಯರಿನ ಲೆಕ್ಕ. ಸಾವಿರ ವ್ಯಾಟನ್ನು 14 ವೋಲ್ಟಿನಿಂದ ಭಾಗಿಸಿದರೆ 71 ಆಂಪಿಯರ್. ಆದರೆ ಯಾವ ಆಂಪ್ಲಿಫೈಯರೂ ತಿಂದದ್ದನ್ನೆಲ್ಲ ಸದ್ದಾಗಿಸುವುದಿಲ್ಲ. ಹಳೆಯ ಎಬಿ ಕ್ಲಾಸಿನದು ಶೇ. 60ರಷ್ಟನ್ನು ಸದ್ದಾಗಿಸಿದರೆ ಹೆಚ್ಚು, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅಂದರೆ ಡ್ರಮ್ಮಿನ ಪೆಟ್ಟು ಬಿದ್ದ ಕ್ಷಣ 120 ಆಂಪಿಯರು ಬೇಕು. ಹಾಡು ಮುಗಿಯುವ ತನಕದ ಸರಾಸರಿ ತೆಗೆದರೆ ಇದರ ಒಂದು ಸಣ್ಣ ಭಾಗ ಮಾತ್ರ. ಆದರೆ ಕಣ್ಣಿಗೆ ಕಾಣುವುದು ಸರಾಸರಿಯಲ್ಲ, ಆ ಪೆಟ್ಟು. ಆಲ್ಟರ್ನೇಟರಿನ ರೆಗ್ಯುಲೇಟರು ಎಚ್ಚೆತ್ತು ಕರೆಂಟು ಏರಿಸುವಷ್ಟರಲ್ಲಿ ಪೆಟ್ಟು ಮುಗಿದಿರುತ್ತದೆ. ನಡುವಿನ ಕೊರತೆ ತುಂಬುವುದು ಬ್ಯಾಟರಿ, ಮತ್ತು ಬ್ಯಾಟರಿ ಕೈಹಾಕಬೇಕಾದರೆ ವೋಲ್ಟೇಜು 14.2ರಿಂದ 12.6ರ ಕಡೆಗೆ ಕುಸಿಯಲೇಬೇಕು. ಇಷ್ಟೇ ಇಷ್ಟು ಇಳಿದರೆ ಏನಾಗುತ್ತದೆ ಎಂದು ಕೇಳಬಹುದು. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮನಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. ಶೇ. 11ರಷ್ಟು ವೋಲ್ಟು ಹೋದರೆ ಮೂರರಲ್ಲಿ ಒಂದು ಪಾಲು ಬೆಳಕು ಹೋಗುತ್ತದೆ. ನೀನು ಕಂಡದ್ದು ಇದನ್ನೇ.

ಹಾಗಿದ್ದರೆ 320 ಆಂಪಿಯರು ತಂದರೆ ಆಯಿತಲ್ಲ? ಇಲ್ಲಿ ಮೋಸವಿದೆ. ಕಡಿಮೆ ಬೆಲೆಗೆ ದೊಡ್ಡ ಅಂಕಿ ತೋರಿಸುವ ಕೆಲವು ಆಲ್ಟರ್ನೇಟರುಗಳು ಹೆಚ್ಚಿನ ವೇಗದಲ್ಲಿ ಮಾತ್ರ ಆ ಅಂಕಿ ಮುಟ್ಟುತ್ತವೆ, ಐಡಲ್‌ನಲ್ಲಿ ಕಂಪನಿಯ ಹಳೆಯದಕ್ಕಿಂತಲೂ ಬಡವಾಗಿರುತ್ತವೆ. ಮಾರುವವನ ಬಳಿ ಐಡಲ್ ವೇಗದ ಪರೀಕ್ಷೆಯ ಹಾಳೆ ಕೇಳು. ಕೊಡದಿದ್ದರೆ ಮುಂದಿನ ಅಂಗಡಿಗೆ ನಡೆ. ಸಣ್ಣ ಪುಲ್ಲಿ ಹಾಕಿ ವೇಗ ಹೆಚ್ಚಿಸುವ ಉಪಾಯವನ್ನೂ ಯಾರಾದರೂ ಹೇಳಿಯಾರು. ಎಂಜಿನ್ 5,600 ಸುತ್ತಿಗೆ ಏರಿದಾಗ ಮೂರು ಪಟ್ಟಿನ ಲೆಕ್ಕದಲ್ಲಿ ಆಲ್ಟರ್ನೇಟರ್ 16,800ರಲ್ಲಿ ಇರುತ್ತದೆ. ಅದನ್ನು ಮೂರೂವರೆ ಪಟ್ಟು ಮಾಡಿದರೆ 19,600. ಸಾಮಾನ್ಯ ಆಲ್ಟರ್ನೇಟರುಗಳು ತಾಳುವುದು 18,000ದ ಸುತ್ತಮುತ್ತ. ಸಾಲದ್ದಕ್ಕೆ ಸಣ್ಣ ಪುಲ್ಲಿಗೆ ಬೆಲ್ಟಿನ ಹಿಡಿತವೂ ಕಡಿಮೆ, ಹೊರೆ ಬಿದ್ದ ಕೂಡಲೇ ಕಿರುಚುತ್ತದೆ.

ಆದ್ದರಿಂದ ಮೊದಲು ಮೀಟರು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟು ತೋರಿಸಿದರೆ ತುಂಬಿದೆ. 12.4 ಆದರೆ ಮುಕ್ಕಾಲು, 12.2 ಆದರೆ ಅರ್ಧ. ಗಾಡಿ ಸ್ಟಾರ್ಟ್ ಮಾಡಿದಮೇಲೆ 13.8ರಿಂದ 14.7ರ ನಡುವೆ ಇರಬೇಕು. ಮುಂದಿನದು ಬಹಳ ಜನ ಮಾಡದ ಪರೀಕ್ಷೆ, ಅಸಲು ಕಳ್ಳ ಸಿಗುವುದೂ ಅದರಲ್ಲೇ. ಗೇರು ಪಾರ್ಕಿನಲ್ಲಿರಲಿ, ಹ್ಯಾಂಡ್‌ಬ್ರೇಕು ಹಾಕಿರಲಿ. ಹೆಡ್‌ಲೈಟು, ಬ್ಲೋವರು, ಹಿಂಗಾಜಿನ ಹೀಟರು ಎಲ್ಲ ಹಾಕಿ, ಯಾರನ್ನಾದರೂ ಕೂರಿಸಿ ಎಂಜಿನ್ನನ್ನು 1,500 ಸುತ್ತಿನಲ್ಲಿ ಹಿಡಿಸು. ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ಬೆನ್ನಿನ ಪ್ಲಸ್ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ಸಿಗೆ. ಸೊನ್ನೆ ಕಂಡರೆ ಆದರ್ಶ, 0.2ರ ಒಳಗಿದ್ದರೆ ಚಿಂತೆಯಿಲ್ಲ, 0.3 ದಾಟಿದರೆ ತಂತಿ ಅಥವಾ ಬೋಲ್ಟು ಕರೆಂಟು ತಿನ್ನುತ್ತಿದೆ. ಹಾಗೆಯೇ ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ಮೈನಸ್ಸಿಗೆ. ಅಲ್ಲಿ 0.1ಕ್ಕಿಂತ ಹೆಚ್ಚು ಇದ್ದರೆ ಅರ್ತಿಂಗ್ ಕೆಟ್ಟಿದೆ. ಕಡ್ಡಿ ಬೆಲ್ಟಿಗೆ ತಾಗೀತು, ಜೋಕೆ. ಕೈಗಡಿಯಾರ, ಉಂಗುರ ಬಿಚ್ಚಿಟ್ಟೇ ಬಾನೆಟ್ಟಿನೊಳಗೆ ಕೈಹಾಕು.

ಇಷ್ಟು ವರ್ಷ ಮಳೆ ಬಿಸಿಲು ಕಂಡ ಗಾಡಿಯಲ್ಲಿ ತಪ್ಪು ಸಿಗುವುದು ಹೆಚ್ಚಾಗಿ ಅರ್ತಿಂಗಿನಲ್ಲಿ. ಎಂಜಿನ್ನಿನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ ಹೋಗುವ ಪಟ್ಟಿಗಳ ಬುಡ ತುಕ್ಕು ಹಿಡಿದಿರುತ್ತದೆ. ಬಿಚ್ಚಿ, ಲೋಹ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಗ್ರೀಸು ಹಚ್ಚಿದರೆ ಎಷ್ಟೋ ಗಾಡಿಗಳ ಮಂಕು ಅಲ್ಲಿಗೇ ಕಳೆಯುತ್ತದೆ. ಬ್ಯಾಟರಿಯ ತಲೆಯ ಮೇಲೆ ಬೆಳೆದ ಬೂಷ್ಟಿಗೆ ಅಡುಗೆ ಸೋಡಾ ಕಲಸಿದ ನೀರು ಸಾಕು. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ತುಂಬುತ್ತಿರುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ, ಒಂದು ಕಿಡಿ ಸಾಕು ಅದು ಸಿಡಿಯಲು.

ಆಮೇಲೆ ತಂತಿ. 8 ಗೇಜಿನ ತಾಮ್ರದ ತಂತಿ ಒಂದೂವರೆ ಮೀಟರ್ ಇದ್ದು, ಅದರಲ್ಲಿ 145 ಆಂಪಿಯರ್ ಹರಿದರೆ 0.45 ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತದೆ. 4 ಗೇಜಿಗೆ ಅದು 0.18. ಅಮೆರಿಕದವರು ‘ಒನ್ ಆಟ್’ ಅನ್ನುವ 1/0 ಗೇಜಿನಲ್ಲಿ ಬರೀ 0.07. ಹಳೆಯ ಸಣ್ಣ ತಂತಿ ಹಾಗೇ ಬಿಟ್ಟು ಆಲ್ಟರ್ನೇಟರ್ ಮಾತ್ರ ದೊಡ್ಡದು ಮಾಡುವುದೆಂದರೆ ಬೋರ್‌ವೆಲ್ಲಿಗೆ ಹತ್ತು ಎಚ್‌ಪಿ ಮೋಟಾರು ಇಳಿಸಿ ಅರ್ಧ ಇಂಚಿನ ಪೈಪು ಹಾಕಿದ ಹಾಗೆ. ಕಾರಿನ ಸದ್ದಿನ ಹುಚ್ಚಿರುವ ಹುಡುಗರು ‘ಬಿಗ್ ತ್ರೀ’ ಎಂದು ಮಾಡುವುದು ತಂತಿ ದಪ್ಪ ಮಾಡುವ ಈ ಕೆಲಸವನ್ನೇ: ಆಲ್ಟರ್ನೇಟರಿನಿಂದ ಬ್ಯಾಟರಿಯ ಪ್ಲಸ್ಸಿಗೆ ಒಂದು, ಬ್ಯಾಟರಿಯ ಮೈನಸ್ಸಿನಿಂದ ಚಾಸಿಗೆ ಒಂದು, ಎಂಜಿನ್ನಿನಿಂದ ಚಾಸಿಗೆ ಇನ್ನೊಂದು, ಮೂರು ದಪ್ಪ ಕೇಬಲ್ಲು. ಕಂಪನಿಯ ಹಳೆಯ ತಂತಿ ಕೀಳಬೇಡ, ಹೊಸದು ಅದರ ಪಕ್ಕದಲ್ಲೇ ಹೋಗಲಿ.

ಕೊಳ್ಳುವಾಗ ಅಪ್ಪಟ ತಾಮ್ರವೇ ಎಂದು ಕೇಳಿ ತೆಗೆದುಕೋ. ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ಲುಗಳು ನೋಡಲು ಹಾಗೇ ಇರುತ್ತವೆ, ಹರಿಸುವುದು ಮಾತ್ರ ತಾಮ್ರದ ಮೂರರಲ್ಲಿ ಎರಡು ಪಾಲಿನಷ್ಟು. ತುದಿಯ ಲಗ್ಗನ್ನು ಸುತ್ತಿಗೆಯಲ್ಲಿ ಜಜ್ಜುವುದು ಬೇಡ, ಹೈಡ್ರಾಲಿಕ್ ಕ್ರಿಂಪರ್ ಬಾಡಿಗೆಗಾದರೂ ತಾ. ಫ್ಯೂಸಿನ ವಿಷಯದಲ್ಲಿ ಅನೇಕರು ಎಡವುತ್ತಾರೆ. ಆಲ್ಟರ್ನೇಟರಿಗೂ ಬ್ಯಾಟರಿಗೂ ನಡುವಿನ ಕೇಬಲ್ಲಿನಲ್ಲಿ ಫ್ಯೂಸು ಬ್ಯಾಟರಿಯ ಮಗ್ಗುಲಲ್ಲಿ ಇರಬೇಕು. ಆಲ್ಟರ್ನೇಟರ್ ಎಷ್ಟೆಂದರೂ ತನ್ನ ಶಕ್ತಿಯಷ್ಟನ್ನೇ ಕೊಡುತ್ತದೆ. ಕೇಬಲ್ಲು ಎಲ್ಲೋ ಉಜ್ಜಿ ಬಾಡಿಗೆ ತಗುಲಿದರೆ ಸಾವಿರ ಆಂಪಿಯರು ಸುರಿದು ಬೆಂಕಿ ಹಚ್ಚುವುದು ಬ್ಯಾಟರಿ. 145 ಆಂಪಿಯರಿನ ಆಲ್ಟರ್ನೇಟರಿಗೆ 1/0 ಕೇಬಲ್ಲು ಹಾಕಿದರೆ 200ರ ಫ್ಯೂಸು ಸರಿಹೋಗುತ್ತದೆ. ಡಿಕ್ಕಿಗೆ ಹೋಗುವ ಆಂಪ್ಲಿಫೈಯರಿನ ಕೇಬಲ್ಲಿಗೂ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಬೇರೆಯದೇ ಫ್ಯೂಸು ಬೇಕು.

ಇದೆಲ್ಲ ಆದಮೇಲೂ ಐಡಲ್‌ನಲ್ಲಿ ವೋಲ್ಟು 13ಕ್ಕಿಂತ ಕೆಳಗೇ ಉಳಿದರೆ ಆಗ ಆಲ್ಟರ್ನೇಟರಿನ ಮಾತು. ನಿನ್ನ ತಲೆಮಾರಿನ ಟಾಹೊ, ಸಬರ್ಬನ್ನುಗಳಲ್ಲಿ ಕೆಲವಕ್ಕೆ 105 ಆಂಪಿಯರಿನ ಎಡಿ230 ಬಂದಿತ್ತು, ಕೆಲವಕ್ಕೆ 145ರ ಎಡಿ244. ಮೊದಲನೆಯದು ಇದ್ದವರು ಎರಡನೆಯದನ್ನು ಅದೇ ಜಾಗಕ್ಕೆ ಕೂರಿಸಿಕೊಳ್ಳುವುದು ಬಹಳ ಕಾಲದಿಂದ ನಡೆದುಬಂದಿದೆ. ಪ್ಲಗ್ಗಿನ ಪಿನ್ನು ಹೊಂದುತ್ತದೆಯೇ ಎಂದಷ್ಟೇ ಮೊದಲು ನೋಡಿಕೋ. ಆ ವಿ8ರಲ್ಲಿ ಆಲ್ಟರ್ನೇಟರ್ ಎಂಜಿನ್ನಿನ ಮೇಲ್ಭಾಗದಲ್ಲೇ ಕೈಗೆ ಸಿಗುವಂತಿದೆ. ಬ್ಯಾಟರಿಯ ಮೈನಸ್ ಬಿಚ್ಚಿ, ಟೆನ್ಷನರ್ ಎಳೆದು ಬೆಲ್ಟು ಜಾರಿಸಿ, ತಂತಿ ಮತ್ತು ಬೋಲ್ಟು ಬಿಚ್ಚಿದರೆ ಎತ್ತಿ ಹೊರಗಿಡಬಹುದು. ಹೊಸದು ಕೊಳ್ಳುವ ಮೊದಲು ಹಳೆಯದನ್ನು ಬಿಡಿಭಾಗದ ದೊಡ್ಡ ಅಂಗಡಿಯೊಂದಕ್ಕೆ ಒಯ್ದು ಪರೀಕ್ಷೆ ಮಾಡಿಸು, ಅನೇಕ ಕಡೆ ದುಡ್ಡು ಕೇಳುವುದಿಲ್ಲ. ಹೊಸದು ಕೊಂಡಾಗ ಹಳೆಯದನ್ನು ಹಿಂತಿರುಗಿಸಿದರೆ ಠೇವಣಿ ವಾಪಸು ಬರುತ್ತದೆ.

ನಿನ್ನ ಗೆಳೆಯರಲ್ಲಿ ಯಾರ ಬಳಿಯಾದರೂ 2007ರ ಈಚಿನ ಟಾಹೊ ಇದ್ದರೆ ಅವರಿಗೆ ಬೇರೆ ಮಾತು ಹೇಳಬೇಕು. ಆ ಗಾಡಿಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರು ಆಳುತ್ತದೆ. ಬ್ಯಾಟರಿ ತುಂಬಿದೆ ಅನ್ನಿಸಿದರೆ ಪೆಟ್ರೋಲ್ ಉಳಿಸಲು ವೋಲ್ಟೇಜನ್ನು 13ರ ಹತ್ತಿರಕ್ಕೆ ಇಳಿಸುತ್ತದೆ. ಮುಳ್ಳು ಏರಿಳಿಯುವುದನ್ನು ಕಂಡು ಗಾಬರಿಯಾಗಿ ಒಳ್ಳೆಯ ಆಲ್ಟರ್ನೇಟರನ್ನೇ ಕಿತ್ತೆಸೆದವರುಂಟು. ಹೆಡ್‌ಲೈಟು ಹಾಕಿ ನೋಡಲಿ, 14ರ ಆಸುಪಾಸಿಗೆ ಏರಿದರೆ ಎಲ್ಲ ಸರಿಯಿದೆ. ಬ್ಯಾಟರಿಯ ಕೇಬಲ್ಲಿಗೆ, ಸಾಮಾನ್ಯವಾಗಿ ಮೈನಸ್ಸಿನದಕ್ಕೆ, ಬಳೆಯ ಹಾಗೆ ತೊಡಿಸಿದ ಕರೆಂಟ್ ಸೆನ್ಸರ್ ಇರುತ್ತದೆ. ಆಂಪ್ಲಿಫೈಯರಿನ ಅರ್ತನ್ನು ನೇರ ಬ್ಯಾಟರಿಯ ಮೈನಸ್ಸಿಗೆ ಕೊಟ್ಟರೆ ಆ ಕರೆಂಟು ಸೆನ್ಸರಿನ ಲೆಕ್ಕಕ್ಕೇ ಬರುವುದಿಲ್ಲ, ಕಂಪ್ಯೂಟರು ತಪ್ಪು ತೀರ್ಮಾನ ಮಾಡುತ್ತದೆ. ಅರ್ತು ಚಾಸಿಗೇ ಹೋಗಲಿ.

ಎರಡನೆಯ ಬ್ಯಾಟರಿಯ ಆಸೆ ಸದ್ಯಕ್ಕೆ ಬಿಡು. ಫ್ರಿಜ್ಜಿನದು ಸಣ್ಣ ಹಸಿವು, ಒಂದು ರಾತ್ರಿಗೆ ಈಗಿನ ಒಳ್ಳೆಯ ಬ್ಯಾಟರಿ ಸಾಕು. ಪೂರ್ತಿ ಬರಿದಾದ ಬ್ಯಾಟರಿಯನ್ನು ಗಾಡಿ ಓಡಿಸಿಯೇ ತುಂಬಿಸುತ್ತೇನೆ ಎಂದು ಹೊರಡಬೇಡ. ಆಲ್ಟರ್ನೇಟರ್ ಬಿಸಿಯಲ್ಲಿ ಬೇಯುತ್ತದೆ. ಗೋಡೆಯ ಪ್ಲಗ್ಗಿನ ಚಾರ್ಜರ್ ಇರುವುದು ಆ ಕೆಲಸಕ್ಕೆ.

ಡಿಸೆಂಬರಿನಲ್ಲಿ ಮೈಸೂರಿಗೆ ಒಂದು ತಿಂಗಳು ಹೋಗುವೆಯಂತೆ. ನಿಂತ ಗಾಡಿಯೂ ಸುಮ್ಮನಿರುವುದಿಲ್ಲ, ಅಲಾರ್ಮು, ಕಂಪ್ಯೂಟರಿನ ನೆನಪು ಇವಕ್ಕೆ 50 ಮಿಲಿಆಂಪಿಯರ್ ತನಕ ಹೋಗುವುದು ಸಹಜ. ದಿನಕ್ಕೆ 1.2 ಆಂಪಿಯರ್ ಅವರ್, ಮೂವತ್ತು ದಿನಕ್ಕೆ 36. ಅರವತ್ತರ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯಿತು. ಹಿಂದಿರುಗಿದ ರಾತ್ರಿ ಸೆಲ್ಫ್ ತೆಗೆದುಕೊಳ್ಳದಿದ್ದರೆ ಬ್ಯಾಟರಿಯನ್ನು ಬೈದು ಫಲವಿಲ್ಲ. ಹೊರಡುವ ದಿನ ಮೈನಸ್ ಬಿಚ್ಚಿಟ್ಟು ಹೋಗು, ಅಥವಾ ಗರಾಜಿನಲ್ಲಿ ಸಣ್ಣ ಮೇಂಟೇನರ್ ಚಾರ್ಜರಿಗೆ ಸಿಕ್ಕಿಸು. ಮಿಶಿಗನ್ನಿನಲ್ಲಾದರೆ ಇದು ಇನ್ನೂ ದುಬಾರಿ ಮರೆವು. ಬರಿದಾದ ಬ್ಯಾಟರಿಯ ಆಸಿಡ್ಡು ಸೊನ್ನೆ ಸೆಲ್ಸಿಯಸ್ಸಿಗಿಂತ ಹತ್ತು ಡಿಗ್ರಿ ಕೆಳಗೆ ಹೋಗುವಷ್ಟರಲ್ಲಿ ಹೆಪ್ಪುಗಟ್ಟಿ ಡಬ್ಬಿ ಸೀಳುತ್ತದೆ. ನಿಮ್ಮ ಟೆಕ್ಸಸ್ಸಿನಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಬೇಸಿಗೆ, ಅಲ್ಲಿ ಮೂರು ವರ್ಷ ದಾಟಿದ್ದನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವುದು ಲೇಸು.

ಬೆಲ್ಟನ್ನೂ ನೋಡು. ಈಗಿನ ರಬ್ಬರು ಹಳೆಯದರಂತೆ ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ, ಒಳಮೈಯ ಏಣುಗಳು ಸದ್ದಿಲ್ಲದೆ ಸವೆಯುತ್ತವೆ. ಅದನ್ನು ಅಳೆಯಲು ಪ್ಲಾಸ್ಟಿಕ್ಕಿನ ಪುಟ್ಟ ಗೇಜು ಸಿಗುತ್ತದೆ.

ಶನಿವಾರ ಬೆಳಿಗ್ಗೆ ಗಾಡಿಯಲ್ಲಿ ಏನನ್ನಾದರೂ ಬಿಚ್ಚುವ ಮುಂಚೆ ಬ್ಯಾಟರಿಯ ವೋಲ್ಟು, ಐಡಲ್‌ನಲ್ಲಿ ಎಲ್ಲ ಹಾಕಿದಾಗಿನ ವೋಲ್ಟು, ಪ್ಲಸ್ ಕಡೆಯ ನಷ್ಟ, ಮೈನಸ್ ಕಡೆಯ ನಷ್ಟ, ಈ ನಾಲ್ಕನ್ನೂ ಬರೆದು ಕಳಿಸು. ಆಲ್ಟರ್ನೇಟರಿನ ಮೇಲಿನ ಚೀಟಿಯ ಫೋಟೊ ಕೂಡ ಇರಲಿ, 105ರದೋ 145ರದೋ ತಿಳಿಯಬೇಕು. ಆಲ್ಟರ್ನೇಟರಿನ ಆರ್ಡರನ್ನು ಅಲ್ಲಿಯ ತನಕ ತಡೆಹಿಡಿ.

ಇತಿ,
ನಿನ್ನ ದೊಡ್ಡಪ್ಪ