ಸಿಲಿಕಾನ್ ಒಳಗಿನ ಬೆಳಕನ್ನು ಹೊರತರುವುದು ಹೇಗೆ?



ಪೂರ್ಣ ಆಂತರಿಕ ಪ್ರತಿಫಲನದ ಪಾಠ ಮುಗಿಸಿದಾಗ ಒಬ್ಬ ವಿದ್ಯಾರ್ಥಿನಿ ನನ್ನನ್ನು ಕೇಳಿದಳು: "ಸರ್, ಒಳಗೆ ಸಿಕ್ಕಿಕೊಂಡ ಬೆಳಕನ್ನು ನಮಗೆ ಬೇಕಾದ ಕಡೆಗೆ ಹೊರಗೆ ತರಬಹುದೇ?" ಪಠ್ಯಪುಸ್ತಕ ನಿಲ್ಲುವ ಜಾಗದಿಂದ ಮುಂದಕ್ಕೆ ಹೋಗುವ ಪ್ರಶ್ನೆ ಇದು.

ಮೊದಲು ಬೆಳಕು ಒಳಗೆ ಉಳಿಯುವುದನ್ನು ನೋಡೋಣ. ದೂರಸಂಪರ್ಕದಲ್ಲಿ ಬಳಸುವ 1550 ನ್ಯಾನೊಮೀಟರ್ ಬೆಳಕಿನ ಫೋಟಾನ್ ಶಕ್ತಿ 0.8 ಇಲೆಕ್ಟ್ರಾನ್ ವೋಲ್ಟ್. ಸಿಲಿಕಾನಿನ ಶಕ್ತಿ ಅಂತರ 1.12. ಆದ್ದರಿಂದ ಸಿಲಿಕಾನ್ ಈ ಬೆಳಕನ್ನು ಹೀರುವುದಿಲ್ಲ. ಅದಕ್ಕೆ ಗಾಜಿನಂತೆ ಪಾರದರ್ಶಕ. ಸಿಲಿಕಾನಿನ ವಕ್ರೀಭವನ ಸೂಚ್ಯಂಕ ಸುಮಾರು 3.48, ಸುತ್ತಲಿನ ಸಿಲಿಕಾದ್ದು 1.44. ಕ್ರಾಂತಿಕೋನ ಕೇವಲ 24 ಡಿಗ್ರಿ. ಹಾಗಾಗಿ 220 ನ್ಯಾನೊಮೀಟರ್ ಎತ್ತರ, ಸುಮಾರು 500 ನ್ಯಾನೊಮೀಟರ್ ಅಗಲದ ಸಿಲಿಕಾನ್ ಪಟ್ಟಿಯೊಳಗೂ ಬೆಳಕು ಸಾಗುತ್ತದೆ. ಈ ಪಟ್ಟಿಯೇ ವೇವ್‌ಗೈಡ್.

ಪಟ್ಟಿಯ ಅಂಚು ಒರಟಾಗಿದ್ದರೆ ಅಥವಾ ತಿರುವು ತೀರಾ ಬಿಗಿಯಾಗಿದ್ದರೆ ಬೆಳಕು ಸೋರುತ್ತದೆ. ಇದು ನಷ್ಟ. ಆದರೆ ಚಿಪ್ಪಿನ ಬೆಳಕು ಆಪ್ಟಿಕಲ್ ಫೈಬರಿಗೆ ಸೇರಬೇಕಾದರೆ ಸೋರಲೇಬೇಕು, ಅದೂ ನಿಗದಿತ ದಿಕ್ಕಿನಲ್ಲಿ. ಅದಕ್ಕಾಗಿ ಪಟ್ಟಿಯ ಮೇಲೆ ಸಮಾನ ಅಂತರದಲ್ಲಿ ಗೀರುಗಳನ್ನು ಕೊರೆಯುತ್ತಾರೆ. ಇದು ಗ್ರೇಟಿಂಗ್. ಪ್ರತಿ ಗೀರು ಸ್ವಲ್ಪ ಬೆಳಕನ್ನು ಚದುರಿಸುತ್ತದೆ. ಈ ಅಲೆಗಳೆಲ್ಲ ಒಂದೇ ಪ್ರಾವಸ್ಥೆಯಲ್ಲಿ ಸೇರುವ ದಿಕ್ಕಿನಲ್ಲಿ ಕಿರಣ ಪ್ರಬಲವಾಗುತ್ತದೆ, ಉಳಿದ ದಿಕ್ಕುಗಳಲ್ಲಿ ಒಂದನ್ನೊಂದು ರದ್ದುಗೊಳಿಸುತ್ತವೆ. ಮೇಲೆ ಗಾಳಿ ಇದ್ದಾಗ ಸೂತ್ರ ಹೀಗೆ:

ಸೈನ್ ಕೋನ = ಪರಿಣಾಮಕ ಸೂಚ್ಯಂಕ − (ತರಂಗದೂರ ÷ ಗೀರುಗಳ ಅಂತರ)

ಅಲೆಯ ಒಂದು ಭಾಗ ಸಿಲಿಕಾನಿನ ಹೊರಗೂ ಚಾಚಿರುವುದರಿಂದ ಪರಿಣಾಮಕ ಸೂಚ್ಯಂಕ 3.48ಕ್ಕಿಂತ ಕಡಿಮೆ. ಅದು 2.5, ಗೀರುಗಳ ಅಂತರ 620 ನ್ಯಾನೊಮೀಟರ್ ಎಂದುಕೊಂಡರೆ ಕೋನ ಸೊನ್ನೆ: ಬೆಳಕು ನೇರ ಮೇಲಕ್ಕೆ ಬರುತ್ತದೆ. ಆದರೆ ಆಗ ಒಂದಷ್ಟು ಬೆಳಕು ಬಂದ ದಾರಿಯಲ್ಲೇ ಹಿಂದಕ್ಕೂ ಮರಳುತ್ತದೆ. ಅದನ್ನು ತಪ್ಪಿಸಲು ಕಿರಣವನ್ನು ತುಸು ವಾಲಿಸುತ್ತಾರೆ. ಅಂತರ 670 ಆದರೆ ಕೋನ ಸುಮಾರು 11 ಡಿಗ್ರಿ.

ಗೀರಿನ ಆಳವೂ ಮುಖ್ಯ. ಆಳವಾದ ಗೀರುಗಳು ಬೆಳಕನ್ನು ಬೇಗ ಹೊರಹಾಕುತ್ತವೆ. ಆಳ ಕಡಿಮೆಯಿದ್ದರೆ ಬೆಳಕು ಉದ್ದಕ್ಕೂ ನಿಧಾನವಾಗಿ ಹೊರಬಂದು, ಕಿರಣ ಕಡಿಮೆ ಹರಡುತ್ತದೆ. ಇಂಥ ಹಲವು ವೇವ್‌ಗೈಡುಗಳನ್ನು ಅಕ್ಕಪಕ್ಕ ಇಟ್ಟು, ಸಣ್ಣ ಹೀಟರುಗಳಿಂದ ಒಂದೊಂದರ ಪ್ರಾವಸ್ಥೆ ಬದಲಿಸಿದರೆ, ಯಾವ ಭಾಗವೂ ಅಲುಗದೆ ಕಿರಣ ಪಕ್ಕಕ್ಕೆ ತಿರುಗುತ್ತದೆ. ದೂರ ಅಳೆಯುವ ಲೈಡಾರಿಗೆ ಈ ವಿಧಾನವನ್ನು ಬೆಳೆಸುತ್ತಿದ್ದಾರೆ.

ನಿಮಗೊಂದು ಲೆಕ್ಕ: ಅಂತರ 670, ಸೂಚ್ಯಂಕ 2.5 ಹಾಗೇ ಇರಲಿ; ತರಂಗದೂರ 1500 ನ್ಯಾನೊಮೀಟರ್ ಆದರೆ ಕೋನ ಎಷ್ಟು? ಸುಮಾರು 15 ಡಿಗ್ರಿ ಬಂದರೆ ಸರಿ. ಬಣ್ಣ ಬದಲಾದರೆ ದಿಕ್ಕೂ ಏಕೆ ಬದಲಾಗುತ್ತದೆ ಎಂಬುದನ್ನು ನಿಮ್ಮದೇ ಮಾತಿನಲ್ಲಿ ಬರೆದು ಪ್ರಯೋಗಾಲಯಕ್ಕೆ ತನ್ನಿ.